ಬಾಣಂತನ ಎಲ್ಲಿ?

ದಿನ ತುಂಬದೆ ಹುಟ್ಟಿದ ಮಗುವಿನ ಕಣ್ಣಿನ ಪರೀಕ್ಷೆ ನೋಡಲು ಚೆಂದದ ಕೆಲಸವಲ್ಲ. ಹಾಗಾಗಿ ತಾಯಂದಿರನ್ನು ನಾನು ಹೊರಗೆ ಬೆಂಚಿನ ಮೇಲೆ ಕೂರಿಸಿಬಿಡುತ್ತೇನೆ. ಒಳಗೆ ಬಿಟ್ಟರೆ ಮಗುವಿಗಿಂತ ಮೊದಲು ಅವರು ಅಳುತ್ತಾರೆ. ಇಬ್ಬರನ್ನೂ ಸಮಾಧಾನ ಮಾಡುತ್ತ ಕೂರಲು ನನಗೆ ಪುರಸೊತ್ತಿಲ್ಲ. ಸಾಗರದ ವಾರ್ಡಿನ ನರ್ಸ್‌ಗಳು ನನ್ನ ಬೆನ್ನ ಹಿಂದೆ "ಗುಡುಗು ಬಂತು" ಅನ್ನುತ್ತಾರೆ ಎಂಬುದು ನನಗೆ ಗೊತ್ತಿದೆ. ಅದರಲ್ಲಿ ಸುಳ್ಳೇನೂ ಇಲ್ಲ.

ನಾನು ಹೊಸನಗರದಲ್ಲಿ ನೇತ್ರಾಧಿಕಾರಿ. ಹೆಸರು ದೊಡ್ಡದು, ಆದರೆ ಡಾಕ್ಟರಲ್ಲ. ವಾರದಲ್ಲಿ ಎರಡು ದಿನ ಒಂದು ಜೀಪು, ಒಬ್ಬ ಹಿರಿಯ ಚಾಲಕ, ಒಂದು ಕ್ಯಾಮೆರಾ ಪೆಟ್ಟಿಗೆ ನನ್ನ ಸುಪರ್ದಿಗೆ ಬರುತ್ತವೆ. ಬುಧವಾರ ಸಾಗರ, ಗುರುವಾರ ತೀರ್ಥಹಳ್ಳಿ. ತೂಕ ಕಡಿಮೆ ಇರುವ ಕೂಸುಗಳ ಕಣ್ಣಿನ ಒಳಪರದೆಯ ಫೋಟೊ ತೆಗೆದು ಶಿವಮೊಗ್ಗದ ಡಾಕ್ಟರಿಗೆ ಕಳಿಸುವುದು ನನ್ನ ಕೆಲಸ. ಹೊಟ್ಟೆಯಲ್ಲಿ ಒಂಬತ್ತು ತಿಂಗಳು ಇದ್ದ ಮಗುವಿಗೆ ಆ ಪರದೆಯ ಅಂಚಿನವರೆಗೂ ರಕ್ತನಾಳಗಳು ಬೆಳೆದಿರುತ್ತವೆ. ಅವಸರದಲ್ಲಿ ಬಂದ ಮಗುವಿಗೆ ಅವು ಅರ್ಧ ದಾರಿಯಲ್ಲೇ ನಿಂತಿರುತ್ತವೆ. ಹೆಚ್ಚಿನ ಮಕ್ಕಳಲ್ಲಿ ನಿಧಾನಕ್ಕೆ ಬೆಳೆದು ಸರಿಹೋಗುತ್ತದೆ. ಕೆಲವರಲ್ಲಿ ಮಾತ್ರ ಚಪ್ಪರ ಸಿಗದ ಅವರೆ ಬಳ್ಳಿಯ ಹಾಗೆ ಸಿಕ್ಕಲ್ಲಿ ಹಬ್ಬಿ, ಕೊನೆಗೆ ಪರದೆಯನ್ನೇ ಎಳೆದು ಕಿತ್ತುಬಿಡುತ್ತವೆ. ಹೊರಗಿನಿಂದ ನೋಡಿದರೆ ಕಣ್ಣು ಲಕ್ಷಣವಾಗಿಯೇ ಇರುತ್ತದೆ. ಕಾಯಿಲೆ ಜೋರಾಗಿದೆ ಎಂದು ಗೊತ್ತಾದ ಎರಡು ಮೂರು ದಿನದೊಳಗೆ ಲೇಸರ್ ಹಾಕಿಸಿದರೆ ನಿಲ್ಲುತ್ತದೆ. ತಡವಾದರೆ ಯಾರ ಕೈಯಲ್ಲೂ ಆಗುವುದಿಲ್ಲ.

ಸಂಕ್ರಾಂತಿ ಕಳೆದ ವಾರ ಸಾಗರದಲ್ಲಿ ನಾನು ನೋಡಿದ ಆ ಹೆಣ್ಣು ಮಗು ಹುಟ್ಟಿ ಇಪ್ಪತ್ತನಾಲ್ಕು ದಿನವಾಗಿತ್ತು. ಹತ್ತು ವಾರ ಮೊದಲೇ ಬಂದಿತ್ತು. ಹಾಲು ಕೊಟ್ಟು ಒಂದು ಗಂಟೆ ಆಗಿದೆಯೇ ಎಂದು ನರ್ಸನ್ನು ಕೇಳಿದೆ. ಪಾಪೆ ಅಗಲಿಸುವ ಹನಿಗಳನ್ನು ಹದಿನೈದು ನಿಮಿಷಕ್ಕೊಮ್ಮೆ ಮೂರು ಸಲ ಹಾಕಿದೆ. ಮರಗಟ್ಟಿಸುವ ಹನಿ ಬಿಟ್ಟು, ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ, ರೆಪ್ಪೆ ಅಗಲಿಸಿ ಹಿಡಿಯುವ ತಂತಿ ಕ್ಲಿಪ್ ಹಾಕಿ, ಕಣ್ಣ ಮೇಲೆ ಒಂದಿಷ್ಟು ಜೆಲ್ ಇಟ್ಟು ಕ್ಯಾಮೆರಾದ ತುದಿ ತಾಗಿಸಿದೆ. ಒಂದು ಕಣ್ಣಿಗೆ ಒಂದು ನಿಮಿಷ ಸಾಕು. ಲ್ಯಾಪ್‌ಟಾಪಿನ ಸ್ಕ್ರೀನ್ ಮೇಲೆ ಕಿತ್ತಳೆ ಬಣ್ಣದ ನೆಲ, ಅದರ ಮೇಲೆ ಸಣ್ಣ ಸಣ್ಣ ನಾಳಗಳು, ಅವು ನಿಂತ ಜಾಗದಲ್ಲಿ ತೆಳ್ಳಗಿನ ಒಂದು ಗೆರೆ ಕಂಡವು. ಡಾಕ್ಟರು ಅರ್ಧ ಗಂಟೆಯಲ್ಲಿ ಉತ್ತರ ಕಳಿಸಿದರು. ಈಗ ಚಿಕಿತ್ಸೆ ಬೇಡ, ಎರಡು ವಾರ ಬಿಟ್ಟು ಮತ್ತೆ ನೋಡಲೇಬೇಕು.

ಇಷ್ಟರ ಮಟ್ಟಿಗೆ ನಾನು ಒಂದು ತಪ್ಪೂ ಮಾಡಲಿಲ್ಲ. ತಪ್ಪು ಆಮೇಲೆ, ಕುರ್ಚಿಯಲ್ಲಿ ಕೂತು ಪೆನ್ನು ಹಿಡಿದಾಗ ಆಯಿತು.

ಫಾರ್ಮಿನಲ್ಲಿ ವಿಳಾಸ, ಫೋನ್ ನಂಬರ್ ತುಂಬಬೇಕು. ಮೇಜಿನ ಮೇಲೆ, ಬಸುರಿಯಾದಾಗ ಮಾಡಿಸುವ ತಾಯಿ ಕಾರ್ಡ್ ಇತ್ತು. ಅದರಲ್ಲಿ ಗಂಡನ ಮನೆ ಮೇಗರವಳ್ಳಿ ಎಂದಿತ್ತು, ಗಂಡನ ಫೋನ್ ನಂಬರಿತ್ತು. ಎರಡನ್ನೂ ದುಂಡಗೆ ಇಳಿಸಿದೆ. ಮೇಗರವಳ್ಳಿಯವರು ಸಾಗರದವರೆಗೆ ಯಾಕೆ ಅಲೆಯಬೇಕು, ತೀರ್ಥಹಳ್ಳಿ ಹತ್ತಿರ ಎಂದು ನಾನೇ ಉಪಕಾರ ಮಾಡುವವಳ ಹಾಗೆ ಫೈಲನ್ನು ಗುರುವಾರದ ಪಟ್ಟಿಗೆ ಹಾಕಿಕೊಂಡೆ.

ಹೊರಗೆ ಬಂದೆ. ತಾಯಿ ಬೆಂಚಿನ ಮೇಲೆ ಕೂತಿದ್ದಳು. ಇಪ್ಪತ್ತೆರಡು ವಯಸ್ಸಿರಬಹುದು. ತಲೆಗೂ ಕಿವಿಗೂ ಸೇರಿಸಿ ಶಾಲು ಸುತ್ತಿಕೊಂಡಿದ್ದಳು. ಪಕ್ಕದಲ್ಲಿ ಅವಳ ಅವ್ವ ಫ್ಲಾಸ್ಕ್ ಹಿಡಿದು ಕೂತಿದ್ದರು.

"ಮೇಡಂ, ಕಣ್ಣು ಚೆನ್ನಾಗಿದಾವಾ?" ಎಂದು ಹುಡುಗಿ ಕೇಳಿದಳು.

"ಸದ್ಯಕ್ಕೆ ಏನಿಲ್ಲ. ಎರಡು ವಾರ ಬಿಟ್ಟು ಮತ್ತೆ ನೋಡ್ಬೇಕು. ಯಾವತ್ತು ಎಲ್ಲಿಗೆ ಬರ್ಬೇಕು ಅಂತ ನಾವೇ ಫೋನ್ ಮಾಡ್ತೀವಿ."

"ಆಯ್ತು ಮೇಡಂ," ಎಂದಳು. ಮುಂದಿನ ಮಗುವಿಗೆ ಹನಿ ಹಾಕುವ ಹೊತ್ತಾಗಿತ್ತು. ನಾನು ಒಳಗೆ ಹೋದೆ.

ನಮ್ಮ ಕಡೆ ಬಾಣಂತಿ ಕಂಡರೆ ಹೆಂಗಸರು ಮೊದಲು ಕೇಳುವುದೇ "ಬಾಣಂತನ ಎಲ್ಲಿ?" ಎಂದು. ಮಗು ಗಂಡೋ ಹೆಣ್ಣೋ ಎಂಬುದು ಆಮೇಲೆ. ಬಸ್ಸಿನಲ್ಲಿ ಪಕ್ಕ ಕೂತ ಗುರುತಿಲ್ಲದವಳೂ ಕೇಳುತ್ತಾಳೆ. ಮದುವೆ ಮನೆಯಲ್ಲಿ ನಾನೂ ಎಷ್ಟು ಜನರನ್ನು ಹಾಗೆ ಕೇಳಿದ್ದೇನೋ! ಸರ್ಕಾರಿ ಫಾರ್ಮಿನ ಮುಂದೆ ಕೂತಾಗ ಮಾತ್ರ ಕೇಳಲಿಲ್ಲ. ಅದರಲ್ಲಿ ಆ ಕಾಲಂ ಇರಲಿಲ್ಲ.

ಎರಡು ವಾರ ಕಳೆದ ಗುರುವಾರ ತೀರ್ಥಹಳ್ಳಿಗೆ ಆ ಮಗು ಬರಲಿಲ್ಲ. ಹಿಂದಿನ ದಿನವೇ ಫೋನ್ ಮಾಡಿದ್ದೆ, ನಂಬರ್ ಚಾಲ್ತಿಯಲ್ಲಿಲ್ಲ ಎಂದು ಬಂದಿತ್ತು. ಮೇಗರವಳ್ಳಿ ಕಡೆ ನೆಟ್‌ವರ್ಕಿನ ಹಣೆಬರಹ ಗೊತ್ತಿದ್ದರಿಂದ ನಾನು ಅದನ್ನು ದೊಡ್ಡದು ಮಾಡಲಿಲ್ಲ. ಆಶಾ ಕಾರ್ಯಕರ್ತೆಗೆ ಮೆಸೇಜ್ ಹಾಕಿದೆ. ಮಗುವಿಗೆ ಶೀತ ಆಗಿರಬಹುದು, ಮುಂದಿನ ವಾರ ಬರುತ್ತಾರೆ ಎಂದುಕೊಂಡೆ.

ಮುಂದಿನ ಗುರುವಾರವೂ ಬರಲಿಲ್ಲ. ಆಶಾ ಕಾರ್ಯಕರ್ತೆ ತರಬೇತಿಗೆ ಹೋಗಿದ್ದಳಂತೆ, ನನ್ನ ಮೆಸೇಜನ್ನೇ ನೋಡಿರಲಿಲ್ಲ. ಆವತ್ತು ನನಗೆ ಸಿಟ್ಟು ಬಂತು. ಸಿಟ್ಟು ಬಂದಿದ್ದು ಆ ತಾಯಿಯ ಮೇಲೆ. "ಅಷ್ಟು ಹೇಳಿದ್ರೂ ಬರಲ್ಲ ಅಂದ್ರೆ ಇವರಿಗೆ ಮಗು ಬೇಡ್ವಾ?" ಎಂದು ನರ್ಸ್ ಮುಂದೆ ಹಾರಾಡಿದೆ. ಏನು ಹೇಳಿದ್ದೆ, ಯಾರಿಗೆ ಹೇಳಿದ್ದೆ ಎಂದು ನಿಂತು ಯೋಚಿಸಲಿಲ್ಲ. ಈ ಎರಡು ವಾರಗಳನ್ನು ನಾನು ಆಮೇಲೆ ಎಷ್ಟು ಸಲ ಎಣಿಸಿದ್ದೇನೋ ಲೆಕ್ಕವಿಲ್ಲ.

ಮೂರನೇ ಗುರುವಾರ ತೀರ್ಥಹಳ್ಳಿಯ ಕೆಲಸ ಮಧ್ಯಾಹ್ನಕ್ಕೆ ಮುಗಿಸಿ, "ಮೇಗರವಳ್ಳಿಗೆ ಹೋಗೋಣ" ಎಂದು ಚಾಲಕರಿಗೆ ಹೇಳಿದೆ. ಅವರು ಗಡಿಯಾರ ನೋಡಿದರು, ನನ್ನ ಮುಖ ನೋಡಿದರು, ಗಾಡಿ ತಿರುಗಿಸಿದರು. ಕ್ಯಾಮೆರಾ ಪೆಟ್ಟಿಗೆ ಹಿಂದಿನ ಸೀಟಿನಲ್ಲೇ ಇತ್ತು.

ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಂಗಳದಲ್ಲಿ ಹುಡುಗಿಯ ಅತ್ತೆ ಸೌದೆ ಒಟ್ಟುತ್ತಿದ್ದರು. ನಾನು ಹೋದವಳೇ, "ಬಾಣಂತಿ ಎಲ್ಲಿ? ಮಗೂನ ಯಾಕೆ ಕರ್ಕೊಂಡು ಬರ್ಲಿಲ್ಲ?" ಎಂದು ಜೋರು ಮಾಡಿದೆ.

ಅವರು ಕೈಯಲ್ಲಿದ್ದ ಸೌದೆ ಕೆಳಗಿಟ್ಟು ನನ್ನನ್ನು ವಿಚಿತ್ರವಾಗಿ ನೋಡಿದರು. "ಬಾಣಂತಿ ಇಲ್ಲಿ ಯಾಕಿರ್ತಾಳೆ ಮೇಡಂ? ಚೊಚ್ಚಲ ಬಾಣಂತನ ತೌರಲ್ಲೇ ಅಲ್ವಾ? ನಿಮ್ಮ ಕಡೆ ಹೆಂಗೆ?"

ನಮ್ಮ ಕಡೆಯೂ ಹಾಗೇ. ನನ್ನ ಎರಡು ಬಾಣಂತನವೂ ತೌರಿನಲ್ಲೇ ಆಗಿದ್ದು.

"ತೌರು ಯಾವೂರು?"

"ಹುಲಿಕಲ್ ಹತ್ರ. ಹೊಸನಗರ ತಾಲ್ಲೂಕು. ಮಗ ಮಣ್ಣು ತೆಗೆಯೋ ಮಿಷನ್ ಕೆಲಸದ ಮೇಲೆ ಕುಂದಾಪುರ ಕಡೆ ಇದಾನೆ. ಸಿಮ್ಮೂ ಬದಲು ಮಾಡ್ಯಾನೆ. ಯಾಕೆ ಮೇಡಂ, ಏನಾರೂ ತೊಂದ್ರೆ ಉಂಟಾ?"

ಹೊಸನಗರ ತಾಲ್ಲೂಕು. ವಾರದ ಉಳಿದ ದಿನಗಳಲ್ಲಿ ನಾನು ಕೂರುವ ತಾಲ್ಲೂಕು. ಮಗು ನನ್ನ ಮಗ್ಗುಲಲ್ಲೇ ಇತ್ತು, ನಾನು ಎರಡು ವಾರ ಅದಕ್ಕಾಗಿ ತೀರ್ಥಹಳ್ಳಿಯಲ್ಲಿ ಕಾದಿದ್ದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎನ್ನುತ್ತಾರಲ್ಲ, ಆ ಮಾತು ದಾರಿಯುದ್ದಕ್ಕೂ ತಲೆಯಲ್ಲಿ ಸುತ್ತುತ್ತಿತ್ತು. ತೀರ್ಥಹಳ್ಳಿಗೆ ವಾಪಸು ಬಂದು, ಯಡೂರು ಮೇಲೆ ಹುಲಿಕಲ್ ಮುಟ್ಟುವಾಗ ನಾಲ್ಕು ಗಂಟೆ ದಾಟಿತ್ತು.

ಆ ಮನೆಯವರು ನಮ್ಮನ್ನು ನೆಂಟರ ಹಾಗೆ ಕರೆದರು. ಸಾಗರದ ಬೆಂಚಿನ ಮೇಲೆ ಫ್ಲಾಸ್ಕ್ ಹಿಡಿದಿದ್ದ ಅವ್ವ ನಗುತ್ತ ಬಂದರು. "ಬಂದ್ರಾ ಮೇಡಂ? ಕೈಕಾಲು ತೊಳ್ಕೊಂಡು ಬನ್ನಿ, ಕೂಸು ಒಳಗಿದೆ." ಬಾಣಂತಿ ಕೋಣೆಯ ಒಂದೇ ಕಿಟಕಿಗೆ ದಪ್ಪ ಕಂಬಳಿ ಇಳಿಬಿಟ್ಟಿದ್ದರು. ಒಳಗೆ ಕೆಂಡದ ಬಿಸಿ, ಬೆಳ್ಳುಳ್ಳಿ ಮತ್ತು ಧೂಪದ ವಾಸನೆ. ಕಣ್ಣು ಹೊಂದಿಕೊಳ್ಳಲು ನನಗೇ ಸ್ವಲ್ಪ ಹೊತ್ತು ಬೇಕಾಯಿತು. ಅಂಥ ಕತ್ತಲೆಯಲ್ಲಿ ಮಗು ಬೆಳಕಿನ ಕಡೆ ತಿರುಗುತ್ತದೋ ಇಲ್ಲವೋ ಯಾರಿಗೆ ಗೊತ್ತಾಗಬೇಕು?

ಹುಡುಗಿಯ ಅವ್ವ, ಅಂದರೆ ಕೂಸಿನ ಅಜ್ಜಿ, ಮಗುವನ್ನು ಎತ್ತಿ ತೋರಿಸಿದರು. "ನೋಡಿ ಹೆಂಗೆ ಗುಂಡಗಾಗಿದೆ. ಆಸ್ಪತ್ರೇಲಿ ಇಲಿಮರಿ ಹಂಗಿತ್ತು." ನಿಜ. ಎಣ್ಣೆ ತಿಕ್ಕಿ, ನೀರು ಹಾಕಿ, ಬೆಚ್ಚಗೆ ಸುತ್ತಿ ಅವರು ಮಗುವನ್ನು ಚೆನ್ನಾಗಿ ಸಾಕಿದ್ದರು. ಕೆನ್ನೆ ತುಂಬಿತ್ತು. ಕೆನ್ನೆಗೆ, ಅಂಗಾಲಿಗೆ ದೃಷ್ಟಿ ಬೊಟ್ಟು, ಎರಡೂ ಕಣ್ಣಿಗೆ ಮನೆಯಲ್ಲೇ ಮಾಡಿದ ಕಾಡಿಗೆ. ಬಾಣಂತನದಲ್ಲಿ ಅವರು ಒಂದು ಕುಂದೂ ಮಾಡಿರಲಿಲ್ಲ.

ಹುಡುಗಿ ಚಾಪೆಯ ಮೇಲೆ ಎದ್ದು ಕೂತಳು. "ಫೋನ್ ಮಾಡ್ತೀವಿ ಅಂದಿದ್ರಲ್ಲ ಮೇಡಂ, ದಿನಾ ಕಾಯ್ತಿದ್ದೆ." ದಿಂಬಿನ ಪಕ್ಕ ಅವಳ ಫೋನಿತ್ತು. ಅವಳದೇ ಫೋನು, ಅವಳದೇ ನಂಬರು.

"ಮಾಡಿದ್ದೆ ಮಾರಾಯ್ತಿ, ಸಿಗ್ಲಿಲ್ಲ," ಎಂದೆ. ಅರ್ಧ ಸತ್ಯ ಪೂರ್ತಿ ಸುಳ್ಳಿಗಿಂತ ಸಲೀಸಾಗಿ ಬಾಯಿಗೆ ಬರುತ್ತದೆ.

ಕೈಯಲ್ಲಿ ಹಿಡಿಯುವ ಸಣ್ಣ ದೀಪದ ಉಪಕರಣವೊಂದು ನನ್ನ ಚೀಲದಲ್ಲಿ ಯಾವಾಗಲೂ ಇರುತ್ತದೆ. ಅದರಿಂದ ನೋಡಿದರೆ ಆರೋಗ್ಯದ ಕಣ್ಣಿನ ಪಾಪೆ ಕೆಂಪಗೆ ಹೊಳೆಯಬೇಕು. ಎಡಗಣ್ಣು ಹೊಳೆಯಿತು. ಬಲಗಣ್ಣಿನಲ್ಲಿ ಬೂದು ಬಣ್ಣ ಕಂಡಿತು. ಮತ್ತೆ ನೋಡಿದೆ. ಮತ್ತೂ ಬೂದು.

ಈಗ ಎರಡೇ ದಾರಿ, ಆಸ್ಪತ್ರೆ ಇಲ್ಲವೇ ಇಲ್ಲೇ ಕ್ಯಾಮೆರಾ. ಆ ಕ್ಷಣವೇ ಆಸ್ಪತ್ರೆಗೆ ಕರೆದೊಯ್ಯುವುದು ನಿಯಮ. ಆದರೆ ಆ ಮಾತೆತ್ತಿದ ಕೂಡಲೇ ಅಜ್ಜಿಯ ಮುಖ ಗಂಟಾಯಿತು. "ಬಾಣಂತಿ ನಲವತ್ತು ದಿನ ಹೊರಗೆ ಹೋಗೋಹಂಗಿಲ್ಲ. ಮನೆಗೆ ಬಂದು ಇವತ್ತಿಗೆ ಇಪ್ಪತ್ತೇಳು. ಇನ್ನು ಹದಿಮೂರು ದಿನ ಹೋಗ್ಲಿ ಮೇಡಂ, ನಾನೇ ಹೊತ್ಕೊಂಡು ಬರ್ತೀನಿ."

"ಹುಟ್ಟಿ ಐವತ್ತರ ಮೇಲಾಯ್ತಲ್ಲಮ್ಮ?"

"ಆಸ್ಪತ್ರೆ ದಿನ ಲೆಕ್ಕಕ್ಕಿಲ್ಲ. ಅಲ್ಲಿ ಎಂತ ಬಾಣಂತನ ಆಗ್ತದೆ?"

ಬೇರೆ ದಿನವಾಗಿದ್ದರೆ ನಾನು ಗುಡುಗುತ್ತಿದ್ದೆ. ಆವತ್ತು ಗುಡುಗಲು ನನಗೆ ಮುಖವಿರಲಿಲ್ಲ. ಕೆಟ್ಟಿದೆ ಎಂದು ಬರೀ ಬಾಯಲ್ಲಿ ಹೇಳಿದರೆ ಇವರು ಏಳುವುದಿಲ್ಲ, ಎಷ್ಟು ಕೆಟ್ಟಿದೆ ಎಂದು ನನಗೂ ಗೊತ್ತಿಲ್ಲ. ಕ್ಯಾಮೆರಾ ಜೀಪಿನಲ್ಲಿತ್ತು. ಅದನ್ನು ಆಸ್ಪತ್ರೆಯ ಹೊರಗೆ ಬಳಸಬಾರದು ಎಂಬ ನಿಯಮ ಸುಮ್ಮನೆ ಮಾಡಿದ್ದಲ್ಲ. ಕಣ್ಣು ಒತ್ತಿದಾಗ ಕೆಲವು ಕೂಸುಗಳ ಎದೆಬಡಿತ ಇಳಿಯುತ್ತದೆ, ಉಸಿರು ನಿಂತದ್ದೂ ಉಂಟು. ಪಕ್ಕದಲ್ಲಿ ನರ್ಸ್ ಬೇಕು, ಆಮ್ಲಜನಕ ಬೇಕು. ಡಾಕ್ಟರನ್ನು ಕೇಳೋಣವೆಂದರೆ, ಬಂದು ಹೋಗುವ ಅಲ್ಲಿನ ನೆಟ್‌ವರ್ಕ್ ಆವತ್ತು ಬೆಳಿಗ್ಗೆಯಿಂದ ಇರಲಿಲ್ಲವಂತೆ. ನನ್ನ ನೆಂಟರ ಮಗುವಾಗಿದ್ದರೆ ಏನು ಮಾಡುತ್ತಿದ್ದೆ ಎಂದು ಒಂದು ಕ್ಷಣ ಯೋಚಿಸಿದೆ. ಪೆಟ್ಟಿಗೆ ಒಳಗೆ ತರಲು ಚಾಲಕರಿಗೆ ಹೇಳಿದೆ.

ಮೊದಲು ಕಾಡಿಗೆ ತೆಗೆಯಬೇಕಿತ್ತು. ಕುದಿಸಿ ಆರಿಸಿದ ನೀರಿನಲ್ಲಿ ಹತ್ತಿ ಅದ್ದಿ ಒರೆಸಿದೆ. ಎಣ್ಣೆಯ ಕಾಡಿಗೆ, ಒಂದು ಸಲಕ್ಕೆ ಹೋಗಲಿಲ್ಲ. ಒರೆಸಿದೆ, ಒರೆಸಿದೆ. ಕಪ್ಪಾದ ಹತ್ತಿಗಳನ್ನು ಒಂದೊಂದಾಗಿ ತಟ್ಟೆಗೆ ಎಸೆದೆ. ಮಾತಾಡಲಿಲ್ಲ, ಮುಖ ಮಾತ್ರ ಸಿಂಡರಿಸಿಕೊಂಡೇ ಇದ್ದೆನೆಂದು ಕಾಣುತ್ತದೆ. ಅಜ್ಜಿ ನನ್ನ ಮುಖವನ್ನೂ ಆ ತಟ್ಟೆಯನ್ನೂ ನೋಡುತ್ತ ನಿಂತಿದ್ದರು.

ಹನಿ ಹಾಕಿ ಮುಕ್ಕಾಲು ಗಂಟೆ ಕಾದೆವು. ಬೇರೆ ಯಾರೂ ಇಲ್ಲದ್ದರಿಂದ ತಾಯಿಯನ್ನೇ ಮಗುವಿನ ತಲೆಯ ಹತ್ತಿರ ಕೂರಿಸಿಕೊಂಡೆ. "ತುಟಿ ನೋಡ್ತಾ ಇರು. ನೀಲಿ ಆದ್ರೆ ತಕ್ಷಣ ಹೇಳು. ಹೆದರ್ಬೇಡ." ಅವಳು ಅಳಲಿಲ್ಲ. ಮಗು ಕಿರುಚಿದಾಗಲೂ ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ. "ಕೆಂಪಗೇ ಇದೆ ಮೇಡಂ, ಕೆಂಪಗೇ ಇದೆ," ಎಂದು ಮೆಲ್ಲಗೆ ಹೇಳುತ್ತಲೇ ಇದ್ದಳು. ಇಷ್ಟು ವರ್ಷ ನಾನು ತಾಯಂದಿರನ್ನು ಯಾಕೆ ಹೊರಗೆ ಕೂರಿಸಿದೆನೋ ಎಂದು ನಾಚಿಕೆಯಾಯಿತು.

ಆ ಕತ್ತಲೆ ಕೋಣೆ ನನ್ನ ಕೆಲಸಕ್ಕೆ ಹೇಳಿ ಮಾಡಿಸಿದ ಹಾಗಿತ್ತು. ಸ್ಕ್ರೀನಿನ ಮೇಲೆ ಚಿತ್ರ ಸ್ಪಷ್ಟವಾಗಿ ಮೂಡಿತು. ಎಡಗಣ್ಣಿನ ನಾಳಗಳು ದಪ್ಪಗೆ ಊದಿ ಹಾವಿನಂತೆ ತಿರುಚಿಕೊಂಡಿದ್ದವು. ಅಂಚಿನಲ್ಲಿ ದಿಬ್ಬದಂತೆ ಎದ್ದ ಏಣು, ಅದರ ಮೇಲೆ ರಕ್ತದ ಚುಕ್ಕೆ. ಬಲಗಣ್ಣಿನಲ್ಲಿ ಕಿತ್ತಳೆ ನೆಲವೇ ಇರಲಿಲ್ಲ. ಒಳಪರದೆ ಕಿತ್ತು ಬಂದು ಮಡಿಕೆ ಮಡಿಕೆಯಾಗಿ ನಿಂತಿತ್ತು.

ಮಾಸ್ತಿಕಟ್ಟೆಯವರೆಗೆ ಹೋದಾಗ ನೆಟ್‌ವರ್ಕ್ ಸಿಕ್ಕಿತು. ಚಿತ್ರ ಕಳಿಸಿ ಜೀಪಿನಲ್ಲೇ ಕಾದೆ. ಡಾಕ್ಟರು ಫೋನ್ ಮಾಡಿದರು.

"ಬಲಗಣ್ಣು ಹೋಗಿದೆ. ಎಡಗಣ್ಣಿಗೆ ನಾಳೆ ಬೆಳಿಗ್ಗೆನೇ ಲೇಸರ್ ಹಾಕೋಣ. ನಾಡಿದ್ದು ಬೇಡ."

"ಎರಡು ವಾರದ ಮೊದ್ಲು ಸಿಕ್ಕಿದ್ರೆ ಸರ್?"

"ಎರಡೂ ಉಳೀತಿತ್ತೇನೋ. ಈಗ ಆ ಮಾತು ಬೇಡ, ಮಗು ಕರ್ಕೊಂಡು ಬನ್ನಿ."

ಮತ್ತೆ ಆ ಮನೆಗೆ ಹೋದೆ. ಲ್ಯಾಪ್‌ಟಾಪ್ ತೆರೆದು ಒಂದು ಆರೋಗ್ಯದ ಕಣ್ಣಿನ ಚಿತ್ರ ತೋರಿಸಿದೆ, ಆಮೇಲೆ ಮಗುವಿನ ಎರಡೂ ಕಣ್ಣಿನದು. ಬಲಗಣ್ಣಿಗೆ ಏನೂ ಮಾಡಲು ಸಾಧ್ಯವಿಲ್ಲವೆಂದು ಹೇಳಿದೆ. ಹುಡುಗಿ ಮಗುವಿನ ಬಲಗಣ್ಣಿನ ಮೇಲೆ ಕೈ ಇಟ್ಟುಕೊಂಡಳು. ಅಜ್ಜಿ, "ಬಾಣಂತಿಗೆ ಗಾಳಿ ಸೋಕಿದ್ರೆ?" ಎಂದರು. ಆದರೆ ಆ ಧ್ವನಿಯಲ್ಲಿ ಹಿಂದಿನ ಗಟ್ಟಿತನವಿರಲಿಲ್ಲ.

"ಗಾಳಿ ಸೋಕಿದ್ರೆ ಔಷಧಿ ಉಂಟು ಅಮ್ಮ. ಇದಕ್ಕೆ ನಾಳೆ ದಾಟಿದ್ರೆ ಔಷಧಿ ಇಲ್ಲ."

ಅವರು ಎದ್ದು ಹೋದರು. ಸಿಟ್ಟಾದರೆಂದು ನಾನು ಹೆದರಿದೆ. ಒಳಗಿನಿಂದ ಒಗೆದ ಹಳೇ ಪಂಚೆಯ ಬಟ್ಟೆಗಳು, ಮಗಳ ತಲೆಗೆ ಸುತ್ತಲು ಇನ್ನೊಂದು ಶಾಲು, ಗಾಳಿ ಸೋಕದಿರಲೆಂದು ಜೊತೆಗಿಡುವ ಒಂದು ಕಬ್ಬಿಣದ ಮೊಳೆ ತಂದು ಚೀಲಕ್ಕೆ ತುಂಬಿದರು. ಬೆಳಿಗ್ಗೆ ಐದೂವರೆಗೆ ಜೀಪು ಶಿವಮೊಗ್ಗಕ್ಕೆ ಹೊರಟಿತು. ದಾರಿಯುದ್ದಕ್ಕೂ ಅವರು ಮಗುವಿನ ಮುಖವನ್ನು ಸೆರಗಿನಲ್ಲಿ ಮರೆಮಾಡಿಕೊಂಡೇ ಕೂತಿದ್ದರು.

ಲೇಸರ್ ಮುಗಿಯಲು ಒಂದೂವರೆ ಗಂಟೆ ಹಿಡಿಯಿತು. ಎಡಗಣ್ಣು ಉಳಿಯಿತು. ವಾರ ವಾರ ನೋಡಿದೆವು, ಊದಿದ ನಾಳಗಳು ಇಳಿದವು, ಪರದೆ ತನ್ನ ಜಾಗದಲ್ಲಿ ನಿಂತಿತು. ಬಲಗಣ್ಣಿಗೆ ದೊಡ್ಡ ಊರಿನಲ್ಲಿ ಒಂದು ಆಪರೇಷನ್ ಕೂಡ ಆಯಿತು. ಅದಕ್ಕೆ ಟಾರ್ಚಿನ ಬೆಳಕು ಬಿದ್ದರೂ ಗೊತ್ತಾಗುವುದಿಲ್ಲ. ಆ ಕಣ್ಣು ಈಗ ಸಣ್ಣದಾಗುತ್ತಿದೆ.

ಮೂರು ತಿಂಗಳು ತುಂಬಿದ ಮೇಲೆ ಹುಡುಗಿ ಮಗುವಿನೊಂದಿಗೆ ಗಂಡನ ಮನೆಗೆ ಬಂದಳು. ಅಲ್ಲಿಂದ ಮುಂದೆ ಅವರು ನನ್ನ ತೀರ್ಥಹಳ್ಳಿಯ ಗುರುವಾರದ ಪಟ್ಟಿಗೇ ನಿಜವಾಗಿ ಸೇರಿದರು. ದೀಪಾವಳಿ ಕಳೆದು ಬಂದಾಗ ಮಗುವಿಗೆ ಹತ್ತು ತಿಂಗಳ ಮೇಲಾಗಿತ್ತು. ಎಡಗಣ್ಣಿಗೆ ದಪ್ಪ ಗಾಜಿನ ಕನ್ನಡಕ, ಹಿಂದೆ ಎಲಾಸ್ಟಿಕ್ ಪಟ್ಟಿ. ನನ್ನ ಕೊರಳಿನ ಗುರುತಿನ ಚೀಟಿ ಹಿಡಿಯಲು ಕೈ ಚಾಚಿತು. ನನಗೆ ಅಷ್ಟು ಸಂತೋಷ ಆಗಿ ಬಹಳ ದಿನವಾಗಿತ್ತು.

ಜೊತೆಗೆ ಅತ್ತೆಯೂ ಬಂದಿದ್ದರು. "ಎಲ್ಲಾ ಆ ಕಾಡಿಗೆದು ಮೇಡಂ," ಎಂದರು. "ತೌರಿನೋರು ಹಚ್ಚಿ ಹಚ್ಚಿ ಕಣ್ಣು ಕಳೆದ್ರು. ಆವತ್ತು ನೀವೇ ತಟ್ಟೆ ತುಂಬ ಒರೆಸಿ ತೆಗೆದ್ರಂತಲ್ಲ."

ನಾನು ಮಗುವಿನ ಕನ್ನಡಕ ಸರಿಮಾಡುತ್ತಿದ್ದೆ. ಹುಡುಗಿ ತಲೆ ತಗ್ಗಿಸಿಕೊಂಡೇ, "ನಮ್ಮವ್ವ ಕಾಡಿಗೆ ಕರಡಿಗೆ ಹೊಳೆಗೆ ಎಸೆದ್ಲು ಮೇಡಂ," ಎಂದಳು. "ಈ ಕಡೆ ಬರೋದೇ ಬಿಟ್ಟಾಳೆ. ನಾನು ಹೋದ್ರೂ ಮಗೂನ ಎತ್ಕೊಳಲ್ಲ. ನನ್ನ ಕೈ ತಾಗೋದು ಬೇಡ ಅಂತಾಳೆ."

ಆಗಲೇ ಹೇಳಬೇಕಿತ್ತು. "ಕಾಡಿಗೆ ಹಚ್ಚಬಾರದು ನಿಜ, ಆದ್ರೆ..." ಎಂದು ಶುರುಮಾಡಿ, ಹನಿ ಹಾಕುವ ನೆಪದಲ್ಲಿ ನುಂಗಿಕೊಂಡೆ. ಕುಂಬಳಕಾಯಿ ಕಳ್ಳನ ಹಾಗೆ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ ಇತ್ತು. ನಾನು ಜೋರು ಬಾಯಿಯವಳು, ಧೈರ್ಯವಂತೆಯಲ್ಲ. ಅದು ಆವತ್ತು ನನಗೆ ತಿಳಿಯಿತು.

ವಾಪಸು ಬರುವಾಗ ಚಾಲಕರು ಕೇಳಿದರು. "ಮೇಡಂ, ಕಾಡಿಗೆಯಿಂದ ಹಂಗಾಗ್ತದಾ?"

"ಇಲ್ಲ."

"ಹಂಗಾರೆ ಆ ಹೆಂಗಸಿಗೆ ಹೇಳ್ಬೇಕಿತ್ತು ನೀವು."

ಆ ವರ್ಷದ ಫೆಬ್ರವರಿಯಿಂದಲೇ ನಾನು ಒಂದು ರಬ್ಬರ್ ಸ್ಟಾಂಪ್ ಮಾಡಿಸಿಕೊಂಡಿದ್ದೆ. ಪ್ರತಿ ಫಾರ್ಮಿನ ತಲೆಯ ಮೇಲೆ ಒತ್ತುತ್ತೇನೆ. ಬಾಣಂತನ ಎಲ್ಲಿ, ಬಾಣಂತಿಯ ಸ್ವಂತ ನಂಬರ್ ಯಾವುದು. ಮುಂದಿನ ಸಲದ ದಿನ, ಊರು ಎರಡನ್ನೂ ಕನ್ನಡದಲ್ಲಿ ಬರೆದು ತಾಯಿಯ ಕೈಗೇ ಕೊಡುತ್ತೇನೆ. ಮೇಲಿನವರು ಒಂದು ಸಭೆಯಲ್ಲಿ ಅದನ್ನು ಒಳ್ಳೆಯ ಉಪಾಯವೆಂದು ಹೊಗಳಿದರು. ಅದು ಎಲ್ಲಿಂದ ಬಂತೆಂದು ನಾನು ಅಲ್ಲಿಯೂ ಹೇಳಲಿಲ್ಲ.

ಮುಂದಿನ ತಿಂಗಳು ಹುಡುಗಿ, ಅತ್ತೆ ಮಗುವಿನೊಂದಿಗೆ ಮತ್ತೆ ಬಂದರು. ಪರೀಕ್ಷೆ ಮುಗಿದ ಮೇಲೆ ಅತ್ತೆಯನ್ನೂ ಒಳಗೆ ಕರೆದು ಬಾಗಿಲು ಮುಂದೆ ಮಾಡಿದೆ. ಹಳೆಯ ಫಾರ್ಮನ್ನು ಮೇಜಿನ ಮೇಲೆ ಬಿಚ್ಚಿಟ್ಟು ಹೇಳಿದೆ. ಕಾಡಿಗೆಯಿಂದ ಕಣ್ಣು ಹೋಗಲಿಲ್ಲ. ಈ ಕಾಯಿಲೆ ಕಣ್ಣಿನ ಒಳಗಿನದು, ಕಾಡಿಗೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಎರಡು ವಾರಕ್ಕೆ ನೋಡಬೇಕಿತ್ತು. ನಾನು ವಿಳಾಸ ತಪ್ಪು ಹಾಕಿಕೊಂಡೆ, ಆ ಮಗುವನ್ನು ಇಲ್ಲದ ಕಡೆ ಹುಡುಕಿದೆ. ಹೋದದ್ದು ಆ ಎರಡು ವಾರದಲ್ಲಿ. ತಪ್ಪು ನನ್ನದು, ನಿಮ್ಮ ಅವ್ವನದಲ್ಲ. ಇಷ್ಟು ಹೇಳುವಷ್ಟರಲ್ಲಿ ನನ್ನ ಧ್ವನಿ ಎಲ್ಲಿ ಹೋಯಿತೋ, ಕೊನೆಯ ಮಾತು ನನಗೇ ಸರಿಯಾಗಿ ಕೇಳಿಸಲಿಲ್ಲ.

ಅತ್ತೆ ಸೆರಗು ಬಾಯಿಗೆ ಹಿಡಿದರು. ಹುಡುಗಿ ಫೋನ್ ತೆಗೆದು ಒಂದು ನಂಬರ್ ಒತ್ತಿ ನನ್ನ ಕೈಗೆ ಕೊಟ್ಟಳು. "ನಮ್ಮವ್ವಂಗೂ ಹೇಳಿ."

ಹುಲಿಕಲ್‌ನ ಅಜ್ಜಿಗೆ ಮತ್ತೆ ಅದೆಲ್ಲವನ್ನೂ ಹೇಳಿದೆ.

"ಕಾಡಿಗೆ ಅಲ್ವಾ ಹಂಗಾರೆ?"

"ಅಲ್ಲಮ್ಮ."

"ನನ್ನ ಕೈಯಿಂದ ಅಲ್ವಾ?"

"ಅಲ್ಲಮ್ಮ. ನನ್ನ ಕೈಯಿಂದ."

ಅವರು ಅತ್ತರು. ನನ್ನನ್ನು ಬೈಯಲಿಲ್ಲ, ಬೈದಿದ್ದರೆ ಒಳ್ಳೆಯದಿತ್ತು. ಆಮೇಲೆ, "ಕೂಸಿನ ಕಿವಿಗೆ ಫೋನ್ ಹಿಡೀರಿ," ಎಂದರು. ಹಿಡಿದೆ. ಅದೇನು ಕರೆದರೋ ನನಗೆ ಕೇಳಲಿಲ್ಲ. ಮಗು ಸುಮ್ಮನಾಗಿ, ಆ ಧ್ವನಿಯ ಮುಖ ಹುಡುಕುತ್ತ ದಪ್ಪ ಗಾಜಿನ ಒಳಗಿಂದ ಒಂದೇ ಕಣ್ಣನ್ನು ಕೋಣೆಯ ತುಂಬ ಆಡಿಸಿತು.

ಹುಡುಗಿ ಫೋನ್ ತೆಗೆದುಕೊಂಡಳು. ಮಗುವಿಗೆ ಟೋಪಿ ಹಾಕಿದಳು, ಚೀಲ ಹೆಗಲಿಗೇರಿಸಿದಳು. ಬೈಯುತ್ತಾಳೆ, ದೂರು ಕೊಡುತ್ತೇನೆ ಅನ್ನುತ್ತಾಳೆ ಎಂದು ನಾನು ಕಾದಿದ್ದೆ. ಬಾಗಿಲ ಹತ್ತಿರ ನಿಂತು ತಿರುಗಿದಳು.

"ಆವತ್ತು ಸಾಗರದಾಗೆ ನಾನು ಅಲ್ಲೇ ಬೆಂಚಿನ ಮೇಲೆ ಕೂತಿದ್ದೆ ಮೇಡಂ," ಎಂದಳು. "ಕೇಳಿದ್ರೆ ಹೇಳ್ತಿದ್ದೆ."